ಕಂಟೇನರ್ ಸರ್ವರ್‌ನ ಡಿಸ್ಕ್: ಯಾವುದಕ್ಕೆ ಎಷ್ಟು ಜಿಬಿ?

ಪ್ರಶ್ನೆ: ನಮ್ಮ ಸರ್ವರ್‌ನಲ್ಲಿ 20 ಡಾಕರ್ ಕಂಟೇನರ್‌ಗಳು (ಆಪ್‌ಗಳನ್ನು ಪ್ರತ್ಯೇಕವಾಗಿ ಓಡಿಸುವ ಪೆಟ್ಟಿಗೆಗಳು) ಓಡುತ್ತವೆ. ವೆಬ್ ಆಪ್‌ಗಳು, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ (ಈಗ 60 ಜಿಬಿ, ತಿಂಗಳಿಗೆ 4 ಜಿಬಿಯಷ್ಟು ಬೆಳೆಯುತ್ತದೆ), ಬಳಕೆದಾರರು ಅಪ್‌ಲೋಡ್ ಮಾಡುವ ಚಿತ್ರಗಳು (90 ಜಿಬಿ, ತಿಂಗಳಿಗೆ 6 ಜಿಬಿ). ಇಮೇಜ್ ಬಿಲ್ಡ್ (ಕಂಟೇನರ್‌ಗೆ ಅಚ್ಚಾಗುವ ಫೈಲ್‌ಗಳ ಕಟ್ಟನ್ನು ತಯಾರಿಸುವುದು) ಕೂಡ ಅಲ್ಲೇ ನಡೆಯುತ್ತದೆ. ಎಲ್ಲವೂ ಒಂದೇ ರೂಟ್ ಪಾರ್ಟಿಷನ್‌ನಲ್ಲಿತ್ತು. ಅದು ತುಂಬಿ ಪೋಸ್ಟ್‌ಗ್ರೆಸ್ ನಿಂತುಹೋಯಿತು. ಹೊಸ ಸರ್ವರ್‌ನಲ್ಲಿ 960 ಜಿಬಿಯ ಎರಡು ಎನ್‌ವಿಎಂಇ ಡಿಸ್ಕ್‌ಗಳಿವೆ, ರೇಡ್ 1 (ಎರಡರಲ್ಲೂ ಒಂದೇ ಪ್ರತಿ) ಮಾಡುತ್ತೇವೆ. ಎಷ್ಟು ವಾಲ್ಯೂಮ್ ಮಾಡಬೇಕು, ಒಂದೊಂದೂ ಎಷ್ಟು ದೊಡ್ಡದಿರಬೇಕು?

ಉತ್ತರ: ಗಾತ್ರದ ಲೆಕ್ಕಕ್ಕೆ ಹೋಗುವ ಮುಂಚೆ ಒಂದು ಮಾತು ಸ್ಪಷ್ಟವಾಗಲಿ. ‘ವಾಲ್ಯೂಮ್’ ಎಂಬ ಪದವನ್ನು ಇಲ್ಲಿ ಎರಡು ಅರ್ಥದಲ್ಲಿ ಬಳಸುತ್ತಾರೆ. ಡಾಕರ್ ವಾಲ್ಯೂಮ್ ಎಂದರೆ ಡಾಕರ್‌ನ ಡೈರೆಕ್ಟರಿಯೊಳಗಿನ ಇನ್ನೊಂದು ಡೈರೆಕ್ಟರಿ, ಅಷ್ಟೇ. ಮಾಮೂಲಿ ಲೋಕಲ್ ಡ್ರೈವರ್‌ನಲ್ಲಿ ಅದಕ್ಕೆ ಗಾತ್ರದ ಮಿತಿಯೇ ಇಲ್ಲ. 20 ಡಾಕರ್ ವಾಲ್ಯೂಮ್ ಮಾಡಿದರೂ ಅವೆಲ್ಲ ಒಂದೇ ಫೈಲ್‌ಸಿಸ್ಟಮ್‌ನ ಜಾಗವನ್ನು ತಿನ್ನುತ್ತವೆ, ಒಂದು ಉಬ್ಬಿದರೆ ಉಳಿದ 19ಕ್ಕೂ ಉಸಿರುಕಟ್ಟುತ್ತದೆ. ನಿಜವಾದ ಗೋಡೆ ಬೇಕೆಂದರೆ ಎಲ್‌ವಿಎಂನ (ಲಿನಕ್ಸ್‌ನಲ್ಲಿ ಡಿಸ್ಕ್ ಹಂಚುವ ವ್ಯವಸ್ಥೆ) ಲಾಜಿಕಲ್ ವಾಲ್ಯೂಮ್ ಬೇಕು, ಅದರ ಮೇಲೆ ಪ್ರತ್ಯೇಕ ಫೈಲ್‌ಸಿಸ್ಟಮ್ ಬೇಕು. ಈ ಉತ್ತರದುದ್ದಕ್ಕೂ ಬರೀ ‘ವಾಲ್ಯೂಮ್’ ಎಂದಿದ್ದರೆ ಲಾಜಿಕಲ್ ವಾಲ್ಯೂಮ್ ಎಂದೇ ತಿಳಿಯಿರಿ.

ಗೋಡೆ ಎಲ್ಲಿ ಕಟ್ಟಬೇಕು ಎಂಬುದಕ್ಕೆ ನಾನು ನೋಡುವುದು ಎರಡೇ ಸಂಗತಿ. ಇದು ತುಂಬಿದರೆ ಏನು ನಿಲ್ಲುತ್ತದೆ? ಇದು ಹೋದರೆ ಎಲ್ಲಿಂದ ವಾಪಸ್ ತರುತ್ತೀರಿ? ಇಮೇಜ್‌ಗಳನ್ನು ರಿಜಿಸ್ಟ್ರಿಯಿಂದ (ಇಮೇಜ್‌ಗಳ ಉಗ್ರಾಣ) ಮತ್ತೆ ಇಳಿಸಿಕೊಳ್ಳಬಹುದು, ಬಿಲ್ಡ್ ಕ್ಯಾಶ್ ತಾನಾಗಿ ಮತ್ತೆ ಹುಟ್ಟುತ್ತದೆ, ಲಾಗ್ ಹೋದರೆ ಬೇಸರ ಮಾತ್ರ. ಪೋಸ್ಟ್‌ಗ್ರೆಸ್‌ನ ಡೇಟಾ ಮತ್ತು ಬಳಕೆದಾರರ ಚಿತ್ರಗಳು ಹಾಗಲ್ಲ. ನಿಮ್ಮ ಹಳೆಯ ಸರ್ವರ್‌ನಲ್ಲಿ ಆಗಿದ್ದು ಇದೇ: ಕಳೆದುಕೊಂಡರೂ ಚಿಂತೆಯಿಲ್ಲದ ವಸ್ತು, ಕಳೆದುಕೊಳ್ಳಲೇಬಾರದ ವಸ್ತುವಿನ ಜಾಗವನ್ನು ತಿಂದುಹಾಕಿತು. ಪೋಸ್ಟ್‌ಗ್ರೆಸ್‌ಗೆ ಡಬ್ಲ್ಯೂಎಎಲ್ (ಪ್ರತಿ ಬದಲಾವಣೆಯನ್ನು ಮೊದಲು ದಾಖಲಿಸುವ ಕಡತ) ಬರೆಯಲು ಜಾಗ ಸಿಗದಿದ್ದರೆ ಅದು ಪ್ಯಾನಿಕ್ ಎಂದು ಬರೆದು ನಿಂತುಬಿಡುತ್ತದೆ. ಅದು ದೋಷವಲ್ಲ. ಬರೆಯಲಾಗದ ವ್ಯವಹಾರವನ್ನು ಬರೆದೆ ಎಂದು ಸುಳ್ಳು ಹೇಳುವುದಕ್ಕಿಂತ ನಿಲ್ಲುವುದೇ ಸರಿ.

ಈಗ ಅಳತೆ. ಹಳೆಯ ಸರ್ವರ್ ಇನ್ನೂ ಓಡುತ್ತಿದ್ದರೆ ಅಲ್ಲಿ ‘ಡಾಕರ್ ಸಿಸ್ಟಮ್ ಡಿಎಫ್ -ವಿ’ ಓಡಿಸಿ. ಇಮೇಜ್‌ಗಳ ಒಟ್ಟು ಗಾತ್ರವನ್ನು ಕೂಡಿಸಿ ಹೆದರಬೇಡಿ. ಒಂದೇ ಬೇಸ್ ಇಮೇಜಿನ ಪದರಗಳು ಡಿಸ್ಕ್‌ನಲ್ಲಿ ಒಂದೇ ಸಲ ಕೂತಿರುತ್ತವೆ, ಆದ್ದರಿಂದ ಹಂಚಿಕೊಂಡ ಗಾತ್ರದ ಕಾಲಂ ಮತ್ತು ಆ ಇಮೇಜಿನದೇ ಆದ ಗಾತ್ರದ ಕಾಲಂ ಎರಡನ್ನೂ ಬೇರೆಬೇರೆಯಾಗಿ ಓದಿ. ನಿಮ್ಮ ಪ್ರಮಾಣದ ಸರ್ವರ್‌ಗೆ ಲೆಕ್ಕ ಹೀಗೆ ಹಾಕಬಹುದು, ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಇಟ್ಟುಕೊಳ್ಳಿ. ಈಗ ಓಡುತ್ತಿರುವ ಇಮೇಜ್‌ಗಳು 11 ಜಿಬಿ. ವಾರಕ್ಕೆ 20 ಬಿಡುಗಡೆ, ಪ್ರತಿ ಬಿಡುಗಡೆಯಲ್ಲಿ ಹೊಸ ಪದರ 300 ಎಂಬಿ ಎಂದರೆ ವಾರಕ್ಕೆ 6 ಜಿಬಿ. ಎರಡು ವಾರದ ಹಳೆಯ ಆವೃತ್ತಿಗಳನ್ನು ಉಳಿಸಿಕೊಂಡರೆ 12. ಬಿಲ್ಡ್ ಕ್ಯಾಶ್‌ಗೆ 30 ಜಿಬಿ ಮಿತಿ. ಲಾಗ್, ತಲಾ 250 ಎಂಬಿಯಂತೆ 20 ಕಂಟೇನರ್‌ಗೆ 5. ಕಂಟೇನರ್‌ಗಳು ತಮ್ಮ ಮೇಲ್ಪದರದಲ್ಲಿ ಗೀಚಿಕೊಳ್ಳುವುದಕ್ಕೆ 5. ಹೊಸ ಇಮೇಜ್ ಇಳಿಯುವ ಹೊತ್ತಿನಲ್ಲಿ ಕುಗ್ಗಿಸಿದ ಪ್ರತಿ ಮತ್ತು ಬಿಚ್ಚಿದ ಪ್ರತಿ ಎರಡಕ್ಕೂ ಜಾಗ ಬೇಕು, ಅದಕ್ಕೆ ಇನ್ನೊಂದು 5. ಒಟ್ಟು 68 ಜಿಬಿ. ಈ ವಾಲ್ಯೂಮ್ 70% ದಾಟಬಾರದು ಎಂದಿಟ್ಟುಕೊಂಡರೆ 97, ಅಂದರೆ 100 ಜಿಬಿ.

ಮಷಿನ್ ಲರ್ನಿಂಗ್ ಇಮೇಜ್‌ಗಳಿದ್ದರೆ ಈ ಲೆಕ್ಕ ಸಾಲದು. ಅವು ಒಂದೊಂದೇ 10 ಜಿಬಿ ಮೀರುವುದುಂಟು, ಇಳಿಯುವಾಗ ಬೇಕಾಗುವ ಹೆಚ್ಚುವರಿ ಜಾಗವೂ ಅದಕ್ಕೆ ತಕ್ಕಂತೆ ಏರುತ್ತದೆ.

ಪೋಸ್ಟ್‌ಗ್ರೆಸ್: 60 ಜಿಬಿ, ಒಂದು ವರ್ಷಕ್ಕೆ 48 ಸೇರಿದರೆ 108. ಡಬ್ಲ್ಯೂಎಎಲ್‌ಗೆ 10, ದೊಡ್ಡ ವಿಂಗಡಣೆಗಳು ಸುರಿಯುವ ತಾತ್ಕಾಲಿಕ ಫೈಲ್‌ಗಳಿಗೆ 10. ಇಲ್ಲಿ ಬಹಳ ಮಂದಿ ಮರೆಯುವ ಒಂದು ಬಾಬ್ತು ಇದೆ. ಅತಿ ದೊಡ್ಡ ಟೇಬಲ್ ಎಷ್ಟಿದೆಯೋ ಅಷ್ಟು ಜಾಗ ಖಾಲಿ ಇರಲೇಬೇಕು. ‘ವ್ಯಾಕ್ಯೂಮ್ ಫುಲ್’ ಹಳೆಯ ಟೇಬಲ್‌ನ ಪಕ್ಕದಲ್ಲಿ ಹೊಸದನ್ನು ಪೂರ್ತಿ ಬರೆದ ಮೇಲಷ್ಟೇ ಹಳೆಯದನ್ನು ಬಿಡುತ್ತದೆ. ಜಾಗ ಉಳಿಸಲು ಹೊರಟವರಿಗೆ ಆ ಕೆಲಸಕ್ಕೇ ಜಾಗ ಇರುವುದಿಲ್ಲ. ಅತಿ ದೊಡ್ಡ ಟೇಬಲ್ 25 ಜಿಬಿ ಎಂದುಕೊಂಡರೆ ಒಟ್ಟು 153, 80% ಮಿತಿಗೆ 191. ಹಾಗಾಗಿ 200 ಜಿಬಿ. ರೆಪ್ಲಿಕೇಷನ್ ಸ್ಲಾಟ್ (ರೆಪ್ಲಿಕಾ, ಅಂದರೆ ನಕಲು ಡೇಟಾಬೇಸ್, ಓದುವವರೆಗೆ ಡಬ್ಲ್ಯೂಎಎಲ್ ಉಳಿಸಿಕೊಳ್ಳುವ ಏರ್ಪಾಡು) ಇದ್ದರೆ ‘ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್’ಗೆ ಒಂದು ಅಂಕಿ ಕೊಡಿ. ಮೂಲತಃ ಅದು -1, ಅಂದರೆ ಮಿತಿಯಿಲ್ಲ. ಆಚೆಯ ರೆಪ್ಲಿಕಾ ಸತ್ತುಬಿದ್ದರೆ ಈಚೆ ಡಬ್ಲ್ಯೂಎಎಲ್ ಡಿಸ್ಕ್ ತುಂಬುವವರೆಗೂ ರಾಶಿ ಬೀಳುತ್ತಲೇ ಇರುತ್ತದೆ.

ಚಿತ್ರಗಳಿಗೆ 90 ಮತ್ತು 72 ಸೇರಿ 162. ಅದಕ್ಕೂ 200 ಜಿಬಿ ಸಾಕು. ಆದರೆ ಇಲ್ಲಿ ಜಿಬಿಗಿಂತ ಮುಂಚೆ ಐನೋಡ್ (ಪ್ರತಿ ಫೈಲ್‌ಗೂ ಬೇಕಾದ ಒಂದು ದಾಖಲೆ) ಮುಗಿಯಬಹುದು. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಸಾಮಾನ್ಯವಾಗಿ 16 ಕೆಬಿಗೆ ಒಂದು ಐನೋಡ್ ಇಡುತ್ತದೆ. 200 ಜಿಬಿಗೆ ಸುಮಾರು 1.31 ಕೋಟಿ. ಆ ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ ನಿಶ್ಚಯವಾಗುತ್ತದೆ, ಆಮೇಲೆ ಅದೇ ಗಾತ್ರಕ್ಕೆ ಹೆಚ್ಚಿಸಲಾಗದು. ಒಂದೊಂದು ಚಿತ್ರಕ್ಕೂ ನಾಲ್ಕೈದು ಪುಟ್ಟ ಥಂಬ್‌ನೇಲ್ ಹುಟ್ಟಿಸುವ ಆಪ್ ಆಗಿದ್ದರೆ ‘ಡಿಎಫ್ -ಎಚ್’ ಅರ್ಧ ಖಾಲಿ ಎನ್ನುತ್ತಿರುವಾಗಲೇ ಜಾಗವಿಲ್ಲ ಎಂಬ ದೋಷ ಬರುತ್ತದೆ. ‘ಡಿಎಫ್ -ಐ’ ನೋಡಿದರೆ ಕಾರಣ ತಿಳಿಯುತ್ತದೆ. ಇಮೇಜ್ ಪದರಗಳಿಗೂ ಇದೇ ಕಾಟ: ‘ನೋಡ್_ಮಾಡ್ಯೂಲ್ಸ್’ ಇರುವ ಇಮೇಜ್ ಒಂದೊಂದರಲ್ಲೂ ಸಾವಿರಾರು ಸಣ್ಣ ಫೈಲ್‌ಗಳಿರುತ್ತವೆ. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್ ಐನೋಡ್‌ಗಳನ್ನು ಬೇಕಾದಾಗ ಹುಟ್ಟಿಸಿಕೊಳ್ಳುತ್ತದೆ, ಹಾಗಾಗಿ ಡಾಕರ್ ಮತ್ತು ಚಿತ್ರಗಳ ವಾಲ್ಯೂಮ್‌ಗಳಿಗೆ ಅದನ್ನೇ ಹಾಕಿ. ಇಮೇಜ್ ಪದರಗಳನ್ನು ಜೋಡಿಸುವ ಡಾಕರ್‌ನ ಓವರ್‌ಲೇ2 ಸರಿಯಾಗಿ ನಡೆಯಲು ಎಕ್ಸ್‌ಎಫ್‌ಎಸ್‌ನಲ್ಲಿ ‘ಎಫ್‌ಟೈಪ್=1’ ಇರಬೇಕು; ಈಗಿನ ಸಾಧನಗಳು ತಾವಾಗಿ ಹಾಗೇ ಮಾಡುತ್ತವೆ, ಹಳೆಯ ಸರ್ವರ್‌ನಿಂದ ಕಿತ್ತು ತಂದ ಡಿಸ್ಕ್ ಆದರೆ ‘ಎಕ್ಸ್‌ಎಫ್‌ಎಸ್_ಇನ್ಫೋ’ದಲ್ಲಿ ಪರೀಕ್ಷಿಸಿ.

960 ಜಿಬಿ ಎಂದು ಮಾರುವ ಡಿಸ್ಕ್ ಲಿನಕ್ಸ್‌ನ ಲೆಕ್ಕದಲ್ಲಿ 894 ಜಿಬಿ. ಅದನ್ನು ಹೀಗೆ ಹಂಚಿ:

ಇಎಫ್‌ಐ ಮತ್ತು ಬೂಟ್: 2 ಜಿಬಿ
ರೂಟ್: 40 ಜಿಬಿ
ಸ್ವಾಪ್: 8 ಜಿಬಿ
/ವಾರ್/ಲಾಗ್: 10 ಜಿಬಿ
ಡಾಕರ್ ಮತ್ತು ಕಂಟೇನರ್‌ಡಿ (ಡಾಕರ್‌ನ ಅಡಿಯಲ್ಲಿ ಕಂಟೇನರ್ ಓಡಿಸುವ ಸೇವೆ): 100 ಜಿಬಿ, ಎಕ್ಸ್‌ಎಫ್‌ಎಸ್
ಪೋಸ್ಟ್‌ಗ್ರೆಸ್: 200 ಜಿಬಿ, ಎಕ್ಸ್‌ಎಫ್‌ಎಸ್ ಅಥವಾ ಇಎಕ್ಸ್‌ಟಿ4
ಚಿತ್ರಗಳು: 200 ಜಿಬಿ, ಎಕ್ಸ್‌ಎಫ್‌ಎಸ್
ಯಾರಿಗೂ ಕೊಡದೆ ಬಿಟ್ಟದ್ದು: 334 ಜಿಬಿ

ಕೊನೆಯ ಸಾಲೇ ಈ ಯೋಜನೆಯ ಜೀವ. ಖಾಲಿ ಬಿಟ್ಟರೆ ವ್ಯರ್ಥ ಎಂದು ಮೊದಲ ದಿನವೇ ಎಲ್ಲವನ್ನೂ ಹಂಚಿ ಮುಗಿಸುವವರೇ ಹೆಚ್ಚು. ಎಕ್ಸ್‌ಎಫ್‌ಎಸ್ ಅನ್ನು ಹಿಗ್ಗಿಸಬಹುದು, ಕುಗ್ಗಿಸುವಂತಿಲ್ಲ. ಇಎಕ್ಸ್‌ಟಿ4 ಕುಗ್ಗುತ್ತದೆ, ಆದರೆ ಅನ್‌ಮೌಂಟ್ ಮಾಡಿ. ಹಿಗ್ಗಿಸುವುದಾದರೋ ‘ಎಲ್‌ವಿಎಕ್ಸ್‌ಟೆಂಡ್ -ಆರ್ -ಎಲ್ +50ಜಿ’ ಎಂದು ವಾಲ್ಯೂಮ್‌ನ ಹೆಸರು ಕೊಟ್ಟರೆ ಕಂಟೇನರ್‌ಗಳು ಓಡುತ್ತಿರುವಾಗಲೇ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ನಿಮ್ಮ ಅಂದಾಜು ತಪ್ಪುವುದು ಖಚಿತ, ಯಾವ ಕಡೆಗೆ ತಪ್ಪುತ್ತದೆ ಎಂಬುದು ಮಾತ್ರ ಗೊತ್ತಿಲ್ಲ. ಆದ್ದರಿಂದ ಸಣ್ಣದಾಗಿ ಕಟ್ಟಿ, ಬೇಕೆಂದ ಕಡೆ ಸೇರಿಸಿ.

ಇದೇ ಕಾರಣಕ್ಕೆ ಎಲ್‌ವಿಎಂನ ಥಿನ್ ಪೂಲ್ (ಬರೆದಾಗಲಷ್ಟೇ ಜಾಗ ಕೊಡುವ ಬಗೆ) ಏಕೆ ಬೇಡ ಎಂದು ಕೇಳಬಹುದು. ಇರುವುದಕ್ಕಿಂತ ಹೆಚ್ಚು ಹಂಚಿಬಿಡುವ ಸೌಲಭ್ಯ ಅದರದ್ದು. ಪೂಲ್ ತುಂಬಿದಾಗ ಒಳಗಿನ ಫೈಲ್‌ಸಿಸ್ಟಮ್‌ಗಳಿಗೆ ತಮ್ಮಲ್ಲಿ ಜಾಗವಿದೆ ಎಂದೇ ಭ್ರಮೆ; ಬರಹಗಳು ಮೊದಲು 60 ಸೆಕೆಂಡು ಕಾಯುತ್ತವೆ, ಆಮೇಲೆ ಸೋಲುತ್ತವೆ, ಆ ಸೋಲು ಪೂಲ್‌ನ ಎಲ್ಲ ವಾಲ್ಯೂಮ್‌ಗಳಿಗೂ ಒಟ್ಟಿಗೆ ತಟ್ಟುತ್ತದೆ. ನಾವು ಕಟ್ಟಿದ ಗೋಡೆಯೇ ಬಿದ್ದಂತೆ. ಡೇಟಾ ಜೊತೆಗೆ ಮೆಟಾಡೇಟಾ ಜಾಗವನ್ನೂ ಸದಾ ಕಾಯುವ ವ್ಯವಸ್ಥೆ ಇಲ್ಲದಿದ್ದರೆ ಸಾದಾ ವಾಲ್ಯೂಮ್‌ಗಳೇ ಕ್ಷೇಮ.

ಡಾಕರ್‌ಗೆಂದು ಮಾಡಿದ ವಾಲ್ಯೂಮ್ ಅನ್ನು ಎಲ್ಲಿ ಮೌಂಟ್ ಮಾಡಬೇಕು ಎಂಬುದರಲ್ಲಿ ಒಂದು ಹೊಸ ಎಡವಟ್ಟಿದೆ. ಕಂಟೇನರ್‌ಡಿ ಇಮೇಜ್ ಸ್ಟೋರ್ ಬಳಸುವ ಡಾಕರ್‌ನಲ್ಲಿ ಇಮೇಜ್‌ಗಳು /ವಾರ್/ಲಿಬ್/ಡಾಕರ್‌ನಲ್ಲಿ ಇರುವುದೇ ಇಲ್ಲ, /ವಾರ್/ಲಿಬ್/ಕಂಟೇನರ್‌ಡಿಯಲ್ಲಿ ಇರುತ್ತವೆ. ಡಾಕರ್‌ನ ಸೆಟ್ಟಿಂಗ್ ಫೈಲ್ ಡೀಮನ್.ಜೇಸನ್‌ನಲ್ಲಿ ‘ಡೇಟಾ-ರೂಟ್’ ಮಾತ್ರ ಬದಲಿಸಿ ನೆಮ್ಮದಿಯಾಗಿ ಕೂತರೆ ಇಮೇಜ್‌ಗಳು ರೂಟ್ ಡಿಸ್ಕ್‌ನ 40 ಜಿಬಿಯನ್ನು ಸದ್ದಿಲ್ಲದೆ ತಿನ್ನುತ್ತವೆ. ಅಲ್ಲದೆ ಈ ಸ್ಟೋರ್ ಕುಗ್ಗಿಸಿದ ಪ್ರತಿಯನ್ನೂ ಬಿಚ್ಚಿದ ಪ್ರತಿಯನ್ನೂ ಇಟ್ಟುಕೊಳ್ಳುವುದರಿಂದ ಅದೇ ಇಮೇಜ್‌ಗೆ ಹೆಚ್ಚು ಜಾಗ ಹಿಡಿಯುತ್ತದೆ. ಹಾಗಾಗಿ ವಾಲ್ಯೂಮ್ ಅನ್ನು /ಎಸ್‌ಆರ್‌ವಿ/ಕಂಟೇನರ್ಸ್‌ನಲ್ಲಿ ಮೌಂಟ್ ಮಾಡಿ, ಒಳಗೆ ಡಾಕರ್ ಮತ್ತು ಕಂಟೇನರ್‌ಡಿ ಎಂಬ ಎರಡು ಡೈರೆಕ್ಟರಿ ಮಾಡಿ. ಮೊದಲನೆಯದನ್ನು ‘ಡೇಟಾ-ರೂಟ್’ಗೆ ಕೊಡಿ, ಎರಡನೆಯದನ್ನು ಕಂಟೇನರ್‌ಡಿಯ ಕಾನ್ಫಿಗ್.ಟಾಮಲ್‌ನ ‘ರೂಟ್’ಗೆ ಕೊಡಿ. ಎಸ್‌ಇಲಿನಕ್ಸ್ ಇರುವ ಯಂತ್ರವಾದರೆ ಹೊಸ ಜಾಗಕ್ಕೆ ಹಳೆಯ ಜಾಗದ ಲೇಬಲ್‌ಗಳನ್ನೇ ‘ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್ -ಎ -ಇ’ಯಿಂದ ಹೊಂದಿಸಿ, ‘ರೆಸ್ಟೋರ್‌ಕಾನ್ -ಆರ್’ ಓಡಿಸಿ.

ಪೋಸ್ಟ್‌ಗ್ರೆಸ್ ಡೇಟಾವನ್ನು ಡಾಕರ್‌ನ ಡೈರೆಕ್ಟರಿಯೊಳಗೆ ಇಡಬೇಡಿ. ಕಂಟೇನರ್‌ನ ಮೇಲ್ಪದರದಲ್ಲಂತೂ ಬೇಡವೇ ಬೇಡ: ಇಮೇಜಿನಿಂದ ಬಂದ ಫೈಲ್‌ಗೆ ಮೊದಲ ಸಲ ಒಂದು ಬೈಟ್ ಬರೆದರೂ ಓವರ್‌ಲೇ ಇಡೀ ಫೈಲನ್ನು ಮೇಲಕ್ಕೆ ನಕಲು ಮಾಡುತ್ತದೆ, ಕಂಟೇನರ್ ಅಳಿಸಿದರೆ ಎಲ್ಲವೂ ಹೋಯಿತು. ಪೋಸ್ಟ್‌ಗ್ರೆಸ್ ವಾಲ್ಯೂಮ್ ಅನ್ನು /ಎಸ್‌ಆರ್‌ವಿ/ಪಿಜಿಯಲ್ಲಿ ಮೌಂಟ್ ಮಾಡಿ, ಅದರೊಳಗೆ ‘ಡೇಟಾ’ ಎಂಬ ಡೈರೆಕ್ಟರಿ ಮಾಡಿ, ಆ ಒಳಗಿನ ಡೈರೆಕ್ಟರಿಯನ್ನು ಕಂಟೇನರ್‌ಗೆ ಬೈಂಡ್ ಮಾಡಿ. ಮೌಂಟ್ ಪಾಯಿಂಟನ್ನೇ ನೇರ ಕೊಡಬಾರದು ಎನ್ನುವುದಕ್ಕೆ ಎರಡು ಕಾರಣ. ಇಎಕ್ಸ್‌ಟಿ4ನ ತುದಿಯಲ್ಲಿ ‘ಲಾಸ್ಟ್+ಫೌಂಡ್’ ಇರುತ್ತದೆ, ಖಾಲಿಯಿಲ್ಲದ ಡೈರೆಕ್ಟರಿಯಲ್ಲಿ ‘ಇನಿಟ್‌ಡಿಬಿ’ ಕೆಲಸ ಶುರು ಮಾಡುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ರೀಬೂಟ್ ಆದಾಗ ಯಾವುದೋ ಕಾರಣಕ್ಕೆ ವಾಲ್ಯೂಮ್ ಮೌಂಟ್ ಆಗಲಿಲ್ಲ ಎನ್ನಿ. ಮೌಂಟ್ ಪಾಯಿಂಟ್ ಖಾಲಿ ಡೈರೆಕ್ಟರಿಯಾಗಿ ಅಲ್ಲೇ ಇರುತ್ತದೆ, ಪೋಸ್ಟ್‌ಗ್ರೆಸ್ ಅದನ್ನು ಕಂಡು ಹೊಸ, ಖಾಲಿ ಡೇಟಾಬೇಸ್ ಹುಟ್ಟಿಸಿ ರೂಟ್ ಡಿಸ್ಕ್‌ನಲ್ಲಿ ಬರೆಯತೊಡಗುತ್ತದೆ. ಒಳಗಿನ ಡೈರೆಕ್ಟರಿಯನ್ನು ಕೊಟ್ಟಿದ್ದರೆ ಅದು ಕಾಣದೆ ಕಂಟೇನರ್ ಏಳುವುದೇ ಇಲ್ಲ. ಏಳದಿರುವುದೇ ನಮಗೆ ಬೇಕಾದದ್ದು.

ಆದರೆ ಬೈಂಡ್ ಮಾಡುವ ಬಗೆ ನೋಡಿಕೊಳ್ಳಿ. ‘-ವಿ’ ಎಂಬ ಚಿಕ್ಕ ರೂಪ ಇಲ್ಲದ ಡೈರೆಕ್ಟರಿಯನ್ನು ತಾನೇ ಹುಟ್ಟಿಸಿ ಈ ರಕ್ಷಣೆಯನ್ನು ಕೆಡಿಸುತ್ತದೆ. ‘--ಮೌಂಟ್ ಟೈಪ್=ಬೈಂಡ್’ ರೂಪವಾದರೆ ದೋಷ ಕೊಟ್ಟು ನಿಲ್ಲುತ್ತದೆ. ಕಂಪೋಸ್ ಫೈಲ್‌ನಲ್ಲಿ ಉದ್ದದ ರೂಪ ಬರೆದು ‘ಕ್ರಿಯೇಟ್_ಹೋಸ್ಟ್_ಪಾತ್’ ಅನ್ನು ಫಾಲ್ಸ್ ಮಾಡಿ. ಜೊತೆಗೆ ಡಾಕರ್‌ನ ಸಿಸ್ಟಮ್‌ಡಿ ಯೂನಿಟ್‌ಗೆ ಒಂದು ಡ್ರಾಪ್-ಇನ್ ಸೇರಿಸಿ, ‘ರಿಕ್ವೈರ್ಸ್‌ಮೌಂಟ್ಸ್‌ಫಾರ್=’ ಮುಂದೆ ಮೂರೂ ಮೌಂಟ್ ದಾರಿಗಳನ್ನು ಬರೆಯಿರಿ. ಕಂಟೇನರ್‌ಡಿಯ ಯೂನಿಟ್‌ಗೂ ಅದರ ದಾರಿ ಕೊಡಿ. ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟ್‌ಗಳ ಪಟ್ಟಿಯಿರುವ ಫೈಲ್) ‘ನೋಫೇಲ್’ ಹಾಕಿದರೆ ಡಿಸ್ಕ್ ಬರದಿದ್ದರೂ ಸರ್ವರ್ ಏಳುತ್ತದೆ, ದೂರದಿಂದ ಒಳಹೋಗಿ ರಿಪೇರಿ ಮಾಡಲು ಅನುಕೂಲ. ಆದರೆ ಮೇಲಿನ ಸಾಲು ಇಲ್ಲದೆ ‘ನೋಫೇಲ್’ ಮಾತ್ರ ಹಾಕುವುದು ಅಪಾಯ.

ಪೋಸ್ಟ್‌ಗ್ರೆಸ್ ಇಮೇಜಿನ ಒಳದಾರಿಯೂ ಮುಖ್ಯ. ಅಧಿಕೃತ ಇಮೇಜಿನಲ್ಲಿ ಆವೃತ್ತಿ 17ರವರೆಗೆ ಡೇಟಾ /ವಾರ್/ಲಿಬ್/ಪೋಸ್ಟ್‌ಗ್ರೆಎಸ್‌ಕ್ಯೂಎಲ್/ಡೇಟಾದಲ್ಲಿರುತ್ತದೆ, ಅದನ್ನೇ ಬೈಂಡ್ ಮಾಡಬೇಕು. 18ರಿಂದ ಮೌಂಟ್ ಮಾಡಬೇಕಾದ್ದು ಒಂದು ಹಂತ ಮೇಲಿನ /ವಾರ್/ಲಿಬ್/ಪೋಸ್ಟ್‌ಗ್ರೆಎಸ್‌ಕ್ಯೂಎಲ್. ಹಳೆಯ ಇಮೇಜ್‌ಗೆ ಮೇಲಿನ ಹಂತವನ್ನು ಕೊಟ್ಟರೆ ನಿಜವಾದ ಡೇಟಾ ಹೆಸರಿಲ್ಲದ ಡಾಕರ್ ವಾಲ್ಯೂಮ್ ಒಂದಕ್ಕೆ ಹೋಗುತ್ತದೆ. ಎಲ್ಲವೂ ಸರಿಯಿದ್ದಂತೆ ಓಡುತ್ತದೆ, ಕಂಟೇನರ್ ಅಳಿಸಿ ಹೊಸದು ಮಾಡಿದ ದಿನ ಡೇಟಾಬೇಸ್ ಖಾಲಿ. ‘ಡಾಕರ್ ಇನ್‌ಸ್ಪೆಕ್ಟ್’ನ ಮೌಂಟ್ಸ್ ಭಾಗದಲ್ಲಿ ನೀವು ಬರೆಯದ ಉದ್ದನೆಯ ಹೆಸರು ಕಂಡರೆ ಇದೇ ಆಗಿದೆ ಎಂದರ್ಥ.

ಲಾಗ್‌ಗೆ ಬರುತ್ತೇನೆ, ಬಹುಪಾಲು ಡಿಸ್ಕ್‌ಗಳು ತುಂಬುವುದು ಇಲ್ಲೇ. ಡಾಕರ್‌ನ ಮಾಮೂಲಿ ‘ಜೇಸನ್-ಫೈಲ್’ ಡ್ರೈವರ್‌ಗೆ ಮಿತಿ ಕೊಡದಿದ್ದರೆ ಲಾಗ್ ತಿರುಗುವುದೇ ಇಲ್ಲ, ಒಂದೇ ಫೈಲ್ ಬೆಳೆಯುತ್ತಾ ಹೋಗುತ್ತದೆ. ಅದು ಇರುವುದು ಡಾಕರ್‌ನ ಡೈರೆಕ್ಟರಿಯಲ್ಲಿ, /ವಾರ್/ಲಾಗ್‌ನಲ್ಲಿ ಹುಡುಕಿದರೆ ಸಿಗದು. /ಇಟಿಸಿ/ಡಾಕರ್/ಡೀಮನ್.ಜೇಸನ್‌ನಲ್ಲಿ ‘ಮ್ಯಾಕ್ಸ್-ಸೈಜ್’ 50ಎಂ, ‘ಮ್ಯಾಕ್ಸ್-ಫೈಲ್’ 5 ಎಂದು ಕೊಡಿ. ಮೇಲಿನ ಲೆಕ್ಕದ 250 ಎಂಬಿ ಬಂದದ್ದು ಇಲ್ಲಿಂದ. ಅಥವಾ ‘ಲೋಕಲ್’ ಡ್ರೈವರ್ ಬಳಸಿ; ಅದು ತಾನಾಗಿಯೇ 20 ಎಂಬಿಯ 5 ಫೈಲ್‌ಗಳಿಗೆ ನಿಲ್ಲುತ್ತದೆ, ಹಳೆಯವನ್ನು ಕುಗ್ಗಿಸುತ್ತದೆ. ಈ ಬದಲಾವಣೆ ಹೊಸದಾಗಿ ಹುಟ್ಟುವ ಕಂಟೇನರ್‌ಗಳಿಗೆ ಮಾತ್ರ ಅನ್ವಯ. ಡಾಕರ್ ರೀಸ್ಟಾರ್ಟ್ ಮಾಡಿದರೆ ಹಳೆಯವಕ್ಕೆ ಹತ್ತದು, ಅವನ್ನು ಅಳಿಸಿ ಮತ್ತೆ ಸೃಷ್ಟಿಸಬೇಕು.

ಈಗಾಗಲೇ ಉಬ್ಬಿದ ಲಾಗ್ ಫೈಲನ್ನು ‘ಆರ್‌ಎಂ’ ಮಾಡಬೇಡಿ. ಡಾಕರ್ ಅದನ್ನು ತೆರೆದು ಹಿಡಿದಿರುತ್ತದೆ. ಹೆಸರು ಅಳಿಯುತ್ತದೆ, ಜಾಗ ಬಿಡುಗಡೆಯಾಗುವುದಿಲ್ಲ. ‘ಡಿಯು’ ಒಂದು ಲೆಕ್ಕ, ‘ಡಿಎಫ್’ ಇನ್ನೊಂದು ಲೆಕ್ಕ ಹೇಳುವುದು ಇಂಥಲ್ಲೇ. ‘ಎಲ್‌ಎಸ್‌ಒಎಫ್ +ಎಲ್1’ ಹೀಗೆ ಅಳಿದರೂ ಹಿಡಿದಿಟ್ಟುಕೊಂಡ ಫೈಲ್‌ಗಳನ್ನು ತೋರಿಸುತ್ತದೆ. ತುರ್ತಿನಲ್ಲಿ ‘ಟ್ರಂಕೇಟ್ -ಎಸ್ 0’ ಬಳಸಿ.

ಇಮೇಜ್ ಶುಚಿಗೆ ವಾರಕ್ಕೊಮ್ಮೆ ‘ಡಾಕರ್ ಇಮೇಜ್ ಪ್ರೂನ್ -ಎ -ಎಫ್ --ಫಿಲ್ಟರ್ ಅನ್‌ಟಿಲ್=336ಎಚ್’ ಎಂದು ಟೈಮರ್ ಇಡಿ, 336 ಗಂಟೆ ಎಂದರೆ ಎರಡು ವಾರ. ಆ ಗಂಟೆ ಲೆಕ್ಕವಾಗುವುದು ಇಮೇಜ್ ತಯಾರಾದ ಸಮಯದಿಂದ, ನೀವು ಇಳಿಸಿಕೊಂಡ ಸಮಯದಿಂದಲ್ಲ. ಹಾಗಾಗಿ ನಿನ್ನೆ ಇಳಿಸಿದ ಹಳೆಯ ಬೇಸ್ ಇಮೇಜ್ ಬಳಕೆಯಲ್ಲಿಲ್ಲದಿದ್ದರೆ ಹೋಗಿಬಿಡುತ್ತದೆ. ಬಿಲ್ಡ್ ಕ್ಯಾಶ್‌ನ ಮಿತಿಯನ್ನು ಡೀಮನ್.ಜೇಸನ್‌ನ ‘ಬಿಲ್ಡರ್’ ವಿಭಾಗದ ‘ಜಿಸಿ’ಯಲ್ಲಿ ಕೊಡಬೇಕು. ಟೈಮರ್‌ನಲ್ಲಿ ‘ಡಾಕರ್ ಸಿಸ್ಟಮ್ ಪ್ರೂನ್’ನ ‘--ವಾಲ್ಯೂಮ್ಸ್’ ಎಂಬ ಆಯ್ಕೆ ಎಂದಿಗೂ ಬೇಡ, ಅದು ಬಳಕೆಯಲ್ಲಿಲ್ಲದ ಡಾಕರ್ ವಾಲ್ಯೂಮ್‌ಗಳನ್ನೂ ಅಳಿಸುತ್ತದೆ.

ಒಂದು ವಿಷಯದಲ್ಲಿ ಗೋಡೆ ಕೆಲಸ ಮಾಡುವುದಿಲ್ಲ: ವೇಗ. ವಾಲ್ಯೂಮ್‌ಗಳು ಬೇರೆಯಾದರೂ ಕೆಳಗಿನ ಡಿಸ್ಕ್ ಒಂದೇ. ದೊಡ್ಡ ಬಿಲ್ಡ್ ಓಡುವಾಗ ಪೋಸ್ಟ್‌ಗ್ರೆಸ್‌ನ ಪ್ರತಿ ಕಮಿಟ್‌ನ ‘ಎಫ್‌ಸಿಂಕ್’ (ಡಿಸ್ಕ್‌ಗೆ ಬರೆದದ್ದನ್ನು ಖಾತ್ರಿಪಡಿಸುವ ಕರೆ) ಸಾಲಿನಲ್ಲಿ ಕಾಯುತ್ತದೆ. ಕರೆಂಟ್ ಹೋದಾಗ ಕ್ಯಾಶ್ ಉಳಿಸಿಕೊಳ್ಳುವ ಕೆಪಾಸಿಟರ್ ಇಲ್ಲದ ಅಗ್ಗದ ಎಸ್‌ಎಸ್‌ಡಿಗಳಲ್ಲಿ ಇದು ಬಳಕೆದಾರರಿಗೂ ಗೊತ್ತಾಗುವಷ್ಟು ನಿಧಾನ. ನನ್ನ ಅಭಿಪ್ರಾಯದಲ್ಲಿ ಬಿಲ್ಡ್ ಅನ್ನು ಈ ಯಂತ್ರದಿಂದಲೇ ಆಚೆ ಕಳಿಸಬೇಕು. 30 ಜಿಬಿಯೂ ಉಳಿಯುತ್ತದೆ. ಖಾಲಿಯಾದ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವ ‘ಎಫ್‌ಎಸ್‌ಟ್ರಿಮ್.ಟೈಮರ್’ ಚಾಲೂ ಇದೆಯೇ ನೋಡಿಕೊಳ್ಳಿ.

ಹಳೆಯದರಿಂದ ಹೊಸದಕ್ಕೆ ಸಾಗಿಸುವಾಗ ಓವರ್‌ಲೇ2 ಡೈರೆಕ್ಟರಿಯನ್ನು ನಕಲು ಮಾಡುವ ಗೋಜು ಬೇಡ, ಇಮೇಜ್‌ಗಳನ್ನು ಮತ್ತೆ ಇಳಿಸಿಕೊಳ್ಳಿ. ಯಾವ ರಿಜಿಸ್ಟ್ರಿಯಲ್ಲೂ ಇಲ್ಲದ, ಅಲ್ಲೇ ಕಟ್ಟಿದ ಇಮೇಜ್‌ಗಳಿದ್ದರೆ ಅವುಗಳನ್ನು ಮಾತ್ರ ‘ಡಾಕರ್ ಸೇವ್’ ಮಾಡಿ. ಚಿತ್ರಗಳನ್ನು ‘ಆರ್‌ಸಿಂಕ್ -ಎಎಚ್‌ಎಎಕ್ಸ್ --ನ್ಯೂಮರಿಕ್-ಐಡೀಸ್’ನಿಂದ ಮೊದಲು ಒಮ್ಮೆ ಆಪ್ ಓಡುತ್ತಿರುವಾಗಲೇ, ಆಮೇಲೆ ಆಪ್ ನಿಲ್ಲಿಸಿ ಇನ್ನೊಮ್ಮೆ ತನ್ನಿ. ಎರಡನೆಯ ಸುತ್ತು ಬೇಗ ಮುಗಿಯುತ್ತದೆ. ಓಡುತ್ತಿರುವ ಪೋಸ್ಟ್‌ಗ್ರೆಸ್‌ನ ಫೈಲ್‌ಗಳನ್ನು ಹೀಗೆ ಎತ್ತಬೇಡಿ. ಡಂಪ್ ತೆಗೆಯಿರಿ, ಇಲ್ಲವೇ ‘ಪಿಜಿ_ಬೇಸ್‌ಬ್ಯಾಕಪ್’ ಬಳಸಿ. ಡೆಬಿಯನ್ ಆಧಾರದ ಪೋಸ್ಟ್‌ಗ್ರೆಸ್ ಇಮೇಜಿನಲ್ಲಿ ಬಳಕೆದಾರ ಸಂಖ್ಯೆ 999, ಆಲ್ಪೈನ್‌ನಲ್ಲಿ 70. ಒಂದರಿಂದ ಇನ್ನೊಂದಕ್ಕೆ ಹಾರಿದರೆ ಅನುಮತಿ ದೋಷ ಬರುವುದು ಇದರಿಂದಲೇ. ರೇಡ್ 1 ಡಿಸ್ಕ್ ಕೆಟ್ಟಾಗ ಕಾಯುತ್ತದೆ, ತಪ್ಪಾಗಿ ಅಳಿಸಿದ್ದನ್ನು ಕಾಯದು. ಬ್ಯಾಕಪ್ ಬೇರೆ ಯಂತ್ರದಲ್ಲೇ ಇರಲಿ, ಉಳಿದ 334 ಜಿಬಿಯಲ್ಲಿ ಅಲ್ಲ.

ಮುಂದೆ ಕುಬರ್ನೆಟೀಸ್‌ಗೆ (ಹಲವು ಯಂತ್ರಗಳಲ್ಲಿ ಕಂಟೇನರ್ ಓಡಿಸುವ ವ್ಯವಸ್ಥೆ) ಹೋಗುವ ಯೋಚನೆ ಇದ್ದರೆ ಈ ವಿಂಗಡಣೆ ಇನ್ನಷ್ಟು ಬೇಕು. ಅಲ್ಲಿ ಕ್ಯೂಬ್‌ಲೆಟ್ (ಪ್ರತಿ ಯಂತ್ರದಲ್ಲೂ ಓಡುವ ಅದರ ಸೇವೆ) ಇಮೇಜ್ ಇರುವ ಫೈಲ್‌ಸಿಸ್ಟಮ್ 85% ಮುಟ್ಟಿದೊಡನೆ ಇಮೇಜ್‌ಗಳನ್ನು ಅಳಿಸಲು ತೊಡಗಿ 80%ಗೆ ಇಳಿಸಲು ನೋಡುತ್ತದೆ. ಖಾಲಿ ಜಾಗ 15%ಗಿಂತ ಕಡಿಮೆಯಾದರೆ ಪಾಡ್‌ಗಳನ್ನೇ (ಕಂಟೇನರ್ ಗುಂಪುಗಳನ್ನೇ) ಹೊರಹಾಕುತ್ತದೆ. ಅದೇ ಫೈಲ್‌ಸಿಸ್ಟಮ್‌ನಲ್ಲಿ ನಿಮ್ಮ ಚಿತ್ರಗಳೂ ಇದ್ದರೆ, ಜಾಗ ತಿಂದವರು ಯಾರೋ, ಕ್ಯೂಬ್‌ಲೆಟ್ ಇಮೇಜ್‌ಗಳನ್ನು ಅಳಿಸುತ್ತಲೇ ಇರುತ್ತದೆ, ಪಾಡ್‌ಗಳು ಅವನ್ನು ಮತ್ತೆ ಮತ್ತೆ ಇಳಿಸಿಕೊಳ್ಳುತ್ತಲೇ ಇರುತ್ತವೆ.

ಎಚ್ಚರಿಕೆಯ ಗಂಟೆಯನ್ನು 75%ಗೆ ಕಟ್ಟಿ, ಜಿಬಿ ಮತ್ತು ಐನೋಡ್ ಎರಡಕ್ಕೂ. ಪ್ರೊಮಿಥಿಯಸ್ (ಸರ್ವರ್ ಮೇಲೆ ನಿಗಾ ಇಡುವ ಸಾಧನ) ಇದ್ದರೆ ‘ಪ್ರಿಡಿಕ್ಟ್_ಲೀನಿಯರ್’ನಿಂದ ನಾಲ್ಕು ದಿನದಲ್ಲಿ ತುಂಬುವಂತಿದೆಯೇ ಎಂದು ಕೇಳುವ ನಿಯಮ ಶೇಕಡಾಕ್ಕಿಂತ ಉಪಯುಕ್ತ.

ಬಳಕೆದಾರರನ್ನು ಹೊಸ ಸರ್ವರ್‌ಗೆ ತರುವ ಮುಂಚೆ ಗೋಡೆಗಳನ್ನು ಒಮ್ಮೆ ಪರೀಕ್ಷಿಸಿ. /ಎಸ್‌ಆರ್‌ವಿ/ಕಂಟೇನರ್ಸ್‌ನಲ್ಲಿ ಎಷ್ಟು ಖಾಲಿಯಿದೆಯೋ ಅಷ್ಟೇ ದೊಡ್ಡ ಫೈಲನ್ನು ‘ಎಫ್‌ಅಲೊಕೇಟ್ -ಎಲ್’ನಿಂದ ಹುಟ್ಟಿಸಿ, ಪೂರ್ತಿ ತುಂಬಿಸಿ. ಆಗ ಹೊಸ ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆಯೇ, ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲು ಬರೆಯಲು ಬರುತ್ತದೆಯೇ, ಒಂದು ಚಿತ್ರ ಅಪ್‌ಲೋಡ್ ಆಗುತ್ತದೆಯೇ, ಎಚ್ಚರಿಕೆ ನಿಮ್ಮ ಫೋನ್‌ಗೆ ತಲುಪಿತೇ ನೋಡಿ. ಮೊದಲ ಮೂರರಲ್ಲಿ ಯಾವುದಾದರೂ ಸೋತರೆ ಆ ಸೇವೆ ಇನ್ನೂ ಎಲ್ಲೋ ಡಾಕರ್‌ನ ಜಾಗದಲ್ಲಿ ಬರೆಯುತ್ತಿದೆ. ಆ ಕಂಟೇನರ್‌ಗೆ ‘ಡಾಕರ್ ಡಿಫ್’ ಓಡಿಸಿ ಮೇಲ್ಪದರದಲ್ಲಿ ಏನು ಬದಲಾಗಿದೆ ಎಂದು ಹುಡುಕಿ, ಆ ದಾರಿಯನ್ನು ಸರಿಯಾದ ವಾಲ್ಯೂಮ್‌ಗೆ ಬೈಂಡ್ ಮಾಡಿ, ತುಂಬಿಸಿದ ಫೈಲ್ ಅಳಿಸಿ, ಮತ್ತೊಮ್ಮೆ ಪರೀಕ್ಷಿಸಿ.